ಆರು ವರ್ಷದ ಮಗಳಿಗೆ ಈಗಲೇ ಕನ್ನಡಕ ಹಾಕಿಸಿದರೆ ನಂಬರ್ ಏರುತ್ತದೆ ಎಂಬುದು ನಿಜವೇ?

ನೀವು ಬರೆದಿರುವುದು ಇಷ್ಟು: ಶಾಲೆಯ ತಪಾಸಣೆಯಲ್ಲಿ ಮಗಳ ಎಡಗಣ್ಣಿನ ದೃಷ್ಟಿ ಕಡಿಮೆ ಇದೆಯೆಂದು ಗೊತ್ತಾಗಿ, ಆಸ್ಪತ್ರೆಯಲ್ಲಿ ಹನಿ ಹಾಕಿ ಪರೀಕ್ಷಿಸಿದ ಮೇಲೆ ಎಡಗಣ್ಣಿಗೆ +4 ನಂಬರಿನ ಕನ್ನಡಕ ಬರೆದುಕೊಟ್ಟಿದ್ದಾರೆ, ಬಲಗಣ್ಣು ಚೆನ್ನಾಗಿದೆ. ನಿಮ್ಮ ಅತ್ತೆಯವರು ಮಾತ್ರ, ‘ಇಷ್ಟ್ ಸಣ್ಣಾಕಿಗೆ ಚಾಳೀಸು ಹಾಕಿದ್ರ ನಂಬರ್ ಏರ್ಕೋತ ಹೋಗ್ತದ, ಗಜ್ಜರಿ ತಿನ್ನಿಸ್ರಿ, ದೊಡ್ಡಾಕಿ ಆದಮ್ಯಾಲ ಲೇಸರ್ ಮಾಡಿಸಿದ್ರಾತು’ ಎನ್ನುತ್ತಿದ್ದಾರೆ. ಅವರ ಕಣ್ಣಿನ ಪೊರೆಯೂ ‘ಇನ್ನೂ ಹಣ್ಣಾಗಿಲ್ಲ’ ಎಂಬ ಕಾರಣಕ್ಕೆ ಹಾಗೆಯೇ ಉಳಿದಿದೆ.

ಗದಗ ಜಿಲ್ಲೆಯಲ್ಲಿ ನೇತ್ರಾಧಿಕಾರಿಯಾಗಿ ಕೆಲಸ ಮಾಡುತ್ತಿರುವ ನಾನು ಈ ಮಾತುಗಳನ್ನು ಹಳ್ಳಿ ಹಳ್ಳಿಯಲ್ಲೂ ಕೇಳಿದ್ದೇನೆ. ನೇರವಾಗಿ ಹೇಳುವುದಾದರೆ, ಮಗುವಿಗೆ ಕನ್ನಡಕವನ್ನು ಈ ವಾರವೇ ಹಾಕಿಸಿ. ನಿಮ್ಮ ಮಗಳ ವಿಷಯದಲ್ಲಿ ಕಾಯುವುದರಿಂದ ಆಗುವ ನಷ್ಟವನ್ನು ಮುಂದೆ ಯಾವ ಚಿಕಿತ್ಸೆಯಿಂದಲೂ ಪೂರ್ತಿಯಾಗಿ ತುಂಬಲಾಗದು.

ಹುಟ್ಟಿದ ಮಗುವಿಗೆ ಕಣ್ಣಿರುತ್ತದೆ, ಆದರೆ ನೋಡಲು ಮಿದುಳು ಇನ್ನೂ ಕಲಿಯಬೇಕಾಗಿರುತ್ತದೆ. ಎರಡೂ ಕಣ್ಣುಗಳಿಂದ ಸ್ಪಷ್ಟ ಚಿತ್ರ ಬರುತ್ತಿದ್ದರೆ ಏಳೆಂಟು ವರ್ಷದೊಳಗೆ ಈ ಕಲಿಕೆಯ ಬಹುಪಾಲು ಮುಗಿಯುತ್ತದೆ. ಒಂದು ಕಣ್ಣಿನಿಂದ ಸದಾ ಮಸುಕಾದ ಚಿತ್ರವೇ ಬರುತ್ತಿದ್ದರೆ ಮಿದುಳು ಆ ಕಣ್ಣನ್ನು ಕಡೆಗಣಿಸಿ, ಸರಿಯಿರುವ ಕಣ್ಣಿನಿಂದಲೇ ಕೆಲಸ ನಡೆಸಿಕೊಳ್ಳುತ್ತದೆ. ಹೀಗೆ ಹಿಂದೆ ಬಿದ್ದ ಕಣ್ಣನ್ನೇ ಸೋಮಾರಿ ಕಣ್ಣು ಎನ್ನುತ್ತಾರೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲಕಾಲ ಮುಚ್ಚಿಟ್ಟು ಇದನ್ನು ತೋರಿಸಿಕೊಟ್ಟರು: ಆ ಕಣ್ಣನ್ನು ಮತ್ತೆ ತೆರೆದಾಗ ಕಣ್ಣಿನಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ, ಆದರೆ ಮಿದುಳಿನ ಜೀವಕೋಶಗಳು ಅದಕ್ಕೆ ಸ್ಪಂದಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಅದೇ ರೀತಿ ಮುಚ್ಚಿಟ್ಟರೆ ಅಂಥ ಹಾನಿ ಆಗಲಿಲ್ಲ. ಈ ಇಬ್ಬರಿಗೂ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ‘ದೊಡ್ಡವಳಾದ ಮೇಲೆ ನೋಡೋಣ’ ಎಂಬ ಮಾತು ನನಗೆ ಭಯ ಹುಟ್ಟಿಸುವುದು ಈ ಕಾರಣಕ್ಕೆ.

‘ಅವಳು ಒಮ್ಮೆಯೂ ಕಾಣುವುದಿಲ್ಲ ಎಂದಿಲ್ಲವಲ್ಲ’ ಎಂದೂ ಕೇಳಿದ್ದೀರಿ. ಒಂದು ಕಣ್ಣು ಚೆನ್ನಾಗಿರುವ ಮಗು ಎಂದಿಗೂ ಹಾಗೆ ಹೇಳುವುದಿಲ್ಲ. ಶಿರಹಟ್ಟಿ ಕಡೆಯ ಶಾಲೆಯೊಂದರಲ್ಲಿ ನಿಮ್ಮ ಮಗಳ ವಯಸ್ಸಿನದೇ ಒಬ್ಬ ಹುಡುಗಿ ಬಲಗಣ್ಣು ತೆರೆದಿದ್ದಾಗ ಚಾರ್ಟಿನ ಕೊನೆಯ ಸಾಲಿನವರೆಗೂ ಪಟಪಟನೆ ಹೇಳಿದಳು. ಅದೇ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿದಾಗ ಮೊದಲು ಬೆರಳ ಸಂದಿಯಿಂದ ಇಣುಕಿದಳು, ನಾನು ರಟ್ಟು ಹಿಡಿದರೆ ಕತ್ತು ಹೊರಳಿಸಿ ಅದರ ಅಂಚಿನಿಂದ ನೋಡಿದಳು, ಅದನ್ನೂ ತಡೆದಾಗ ಅಳುಮುಖ ಮಾಡಿ ನನ್ನ ಕೈ ತಳ್ಳಿದಳು. ಪಕ್ಕದಲ್ಲಿದ್ದ ಶಿಕ್ಷಕಿಗೆ ಅದು ತುಂಟತನವಾಗಿ ಕಂಡಿತ್ತು. ಮೇಲಿನ ದೊಡ್ಡ ಅಕ್ಷರವೂ ಆ ಕಣ್ಣಿಗೆ ಕಾಣುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಮಗಳು ಟಿವಿ ನೋಡುವಾಗ ಒಂದೊಂದೇ ಕಣ್ಣನ್ನು ಮುಚ್ಚಿ ಅವಳ ವರ್ತನೆಯನ್ನು ಅತ್ತೆಯವರಿಗೆ ತೋರಿಸಿ. ನನ್ನ ಇಷ್ಟುದ್ದದ ಬರಹಕ್ಕಿಂತ ಅದರಿಂದ ಅವರಿಗೆ ಬೇಗ ಮನವರಿಕೆಯಾದೀತು.

ಇನ್ನು ಕನ್ನಡಕದಿಂದ ನಂಬರ್ ಏರುತ್ತದೆ ಎಂಬ ನಂಬಿಕೆ. ನವಜಾತ ಶಿಶುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್, ವಯಸ್ಕರದು ಸುಮಾರು 24. ಮೈನಸ್ ನಂಬರಿನ ಮಕ್ಕಳಲ್ಲಿ ಈ ಗುಡ್ಡೆ ಅಗತ್ಯಕ್ಕಿಂತ ಉದ್ದವಾಗಿ ಬೆಳೆಯುತ್ತದೆ. ಒಂದು ಮಿಲಿಮೀಟರ್ ಹೆಚ್ಚಾದರೂ ನಂಬರ್ ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಮಗು ಬೆಳೆಯುವ ವರ್ಷಗಳಲ್ಲೇ ಕಣ್ಣೂ ಬೆಳೆಯುವುದರಿಂದ ನಂಬರ್ ಏರುತ್ತದೆ, ಅದೇ ವರ್ಷಗಳಲ್ಲಿ ಮುಖದ ಮೇಲೆ ಕನ್ನಡಕವೂ ಇರುವುದರಿಂದ ತಪ್ಪೆಲ್ಲ ಕನ್ನಡಕದ ಮೇಲೆ ಬೀಳುತ್ತದೆ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನವೊಂದರಲ್ಲಿ ಕೆಲವು ಮಕ್ಕಳಿಗೆ ಬೇಕೆಂದೇ ಕಡಿಮೆ ಪವರಿನ ಕನ್ನಡಕ ಕೊಟ್ಟು ಎರಡು ವರ್ಷ ನೋಡಿದಾಗ, ಸರಿಯಾದ ಪವರ್ ಧರಿಸಿದವರಿಗಿಂತ ಅವರ ನಂಬರೇ ಹೆಚ್ಚು ಏರಿತ್ತು. ನಿಮ್ಮ ಮಗಳದು ಪ್ಲಸ್ ನಂಬರ್, ಅಂದರೆ ಅವಳ ಎಡಗಣ್ಣಿನ ಗುಡ್ಡೆ ಚಿಕ್ಕದು. ಬೆಳೆದಂತೆ ಅದು ಏರುವುದಕ್ಕಿಂತ ತುಸು ಇಳಿಯುವ ಸಾಧ್ಯತೆಯೇ ಹೆಚ್ಚು.

ಗಜ್ಜರಿಯನ್ನು ಧಾರಾಳವಾಗಿ ಕೊಡಿ, ನುಗ್ಗೆಸೊಪ್ಪು, ರಾಜಗಿರಿ, ಮೆಂತೆಪಲ್ಲೆಯನ್ನೂ ಕೊಡಿ. ಎ ಜೀವಸತ್ವದ ಕೊರತೆಯಿಂದ ಇರುಳುಗುರುಡು ಬರುವುದು ನಿಜ, ಆ ಕೊರತೆಯನ್ನು ತುಂಬಲೆಂದೇ ಸರ್ಕಾರ 1970ರಿಂದ ಚಿಕ್ಕ ಮಕ್ಕಳಿಗೆ ಅದರ ದ್ರಾವಣ ಕುಡಿಸುತ್ತಿದೆ. ಆದರೆ ಗುಡ್ಡೆಯ ಅಳತೆಯನ್ನು ಯಾವ ಪಲ್ಲೆಯೂ ತಿದ್ದದು. ಕಣ್ಣು ತಿರುಗಿಸುವ ವ್ಯಾಯಾಮಗಳಿಂದ ನಂಬರ್ ಹೋಗುತ್ತದೆ ಎಂಬ ವಾದವನ್ನು ಅಮೆರಿಕದ ವಿಲಿಯಂ ಬೇಟ್ಸ್ ಎಂಬ ವೈದ್ಯರು ನೂರು ವರ್ಷಗಳ ಹಿಂದೆ ಪ್ರಚಾರ ಮಾಡಿದರು. ಅದೂ ಪರೀಕ್ಷೆಗೆ ನಿಲ್ಲಲಿಲ್ಲ.

ಲೇಸರಿನ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಓದಿದವರೂ ಇಲ್ಲಿ ತಪ್ಪು ತಿಳಿದಿರುತ್ತಾರೆ. ಲೇಸರ್ ಚಿಕಿತ್ಸೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ಆಕಾರವನ್ನು ತಿದ್ದುತ್ತದೆ. ಹದಿನೆಂಟು ದಾಟಿ ನಂಬರ್ ನಿಂತ ಮೇಲೆ ಅದನ್ನು ಮಾಡುತ್ತಾರೆ, ಕನ್ನಡಕ ಮಾಡುವ ಕೆಲಸವನ್ನೇ ಅದು ಕನ್ನಡಕವಿಲ್ಲದೆ ಮಾಡುತ್ತದೆ. ನೋಡುವುದನ್ನೇ ಕಲಿಯದ ಮಿದುಳಿಗೆ ಸ್ಪಷ್ಟ ಚಿತ್ರ ಕಳಿಸಿದರೂ ಅದನ್ನು ಓದಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಪೊಲೀಸ್ ಅಥವಾ ಸೇನಾ ನೇಮಕಾತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಮೊದಲ ಬಾರಿಗೆ ತಮ್ಮ ಒಂದು ಕಣ್ಣು ಹೀಗಿದೆಯೆಂದು ತಿಳಿದು ನಮ್ಮಲ್ಲಿಗೆ ಓಡಿಬರುವ ಯುವಕರಿಗೆ ನಾನು ಎಷ್ಟು ಗ್ಲಾಸು ಬದಲಿಸಿದರೂ ಮೂರನೆಯ ಸಾಲಿನಿಂದ ಕೆಳಗೆ ಇಳಿಯಲಾಗುವುದಿಲ್ಲ. ಹೆಣ್ಣುಮಗುವಿಗೆ ಕನ್ನಡಕ ಹಾಕಿದರೆ ಮುಂದೆ ಸಂಬಂಧ ಕೂಡಿಬರುವುದು ಕಷ್ಟ ಎಂದೂ ಕೆಲವರು ಹೇಳಿಯಾರು. ಒಂದು ಕಣ್ಣಿನ ದೃಷ್ಟಿಯನ್ನು ಅದಕ್ಕಾಗಿ ಬಿಟ್ಟುಕೊಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಕನ್ನಡಕ ಬಂದ ದಿನವೇ ಎಡಗಣ್ಣಿನಿಂದ ಎಲ್ಲವೂ ಕಾಣಿಸದು, ಇದನ್ನು ಮೊದಲೇ ತಿಳಿದಿರಿ. ಕನ್ನಡಕವೇ ತಪ್ಪು ಎಂದು ತಾಯಂದಿರು ಅದನ್ನು ಪೆಟ್ಟಿಗೆಯಲ್ಲಿ ಎತ್ತಿಡುವುದು ಹೀಗಾದಾಗಲೇ. ಎದ್ದಾಗಿನಿಂದ ಮಲಗುವವರೆಗೆ ಹಾಕಿಕೊಂಡರೆ ವಾರಗಳು, ತಿಂಗಳುಗಳು ಕಳೆದಂತೆ ದೃಷ್ಟಿ ಸುಧಾರಿಸುತ್ತದೆ, ಕೆಲವು ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ವೈದ್ಯರು ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಲು ಹೇಳುತ್ತಾರೆ. ಆ ಪಟ್ಟಿಯನ್ನು ಕಟ್ಟಬೇಕಾದದ್ದು ಸರಿಯಿರುವ ಬಲಗಣ್ಣಿಗೆ. ಮರೆತು ಎಡಗಣ್ಣಿಗೆ ಕಟ್ಟಿಕೊಂಡು ಬಂದ ಮಕ್ಕಳನ್ನೂ ಕಂಡಿದ್ದೇನೆ. ಗಾಜಿನ ಬದಲು ಪಾಲಿಕಾರ್ಬೊನೇಟ್ ಲೆನ್ಸ್ ಕೇಳಿ, ಅದು ಸುಲಭವಾಗಿ ಒಡೆಯುವುದಿಲ್ಲ. ಖರ್ಚಿನ ಚಿಂತೆಯಿದ್ದರೆ ಶಾಲಾ ಮಕ್ಕಳಿಗೆ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಉಚಿತ ಕನ್ನಡಕ ದೊರೆಯುತ್ತದೆ, ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ.

ಅತ್ತೆಯವರ ಪೊರೆ ‘ಹಣ್ಣಾಗಲಿ’ ಎಂಬ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಆಗ ಕಣ್ಣಿನ ಮಸೂರವನ್ನು ಇಡಿಯಾಗಿ ತೆಗೆದು, ಬದಲಿ ಮಸೂರ ಕೂರಿಸದೆ, ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಆದ್ದರಿಂದ ಪೂರ್ತಿ ಮಸುಕಾಗುವವರೆಗೆ ಕಾಯುವುದೇ ಲೇಸಾಗಿತ್ತು. ಈಗ ಸಣ್ಣ ರಂಧ್ರದಿಂದ ಪೊರೆಯನ್ನು ಪುಡಿಮಾಡಿ ತೆಗೆದು ಅಲ್ಲಿಯೇ ಹೊಸ ಮಸೂರ ಇಡುತ್ತಾರೆ, ಪೊರೆ ಗಟ್ಟಿಯಾದಷ್ಟೂ ಆ ಕೆಲಸ ಕಷ್ಟವಾಗುತ್ತದೆ. ತೀರಾ ಬಲಿತ ಪೊರೆ ಕಣ್ಣಿನೊಳಗೇ ಉಬ್ಬಿ ಅಥವಾ ಸೋರಿ ಒತ್ತಡ ಏರಿಸಿದರೆ ತಡೆಯಲಾರದ ನೋವಿನೊಂದಿಗೆ ದೃಷ್ಟಿಯೂ ಹೋಗಬಹುದು. ಚಳಿಗಾಲಕ್ಕೂ ಕಾಯಬೇಕಾಗಿಲ್ಲ. ದಿನದ ಕೆಲಸಕ್ಕೆ, ನಡೆದಾಟಕ್ಕೆ ತೊಡಕಾಗುತ್ತಿದ್ದರೆ ಮಗಳ ಮುಂದಿನ ತಪಾಸಣೆಯ ದಿನ ಅವರನ್ನೂ ಕರೆದೊಯ್ಯಿರಿ. ಸಕ್ಕರೆ ಕಾಯಿಲೆ ಇದ್ದರೆ ಅದರ ಚೀಟಿಗಳೂ ಜೊತೆಗಿರಲಿ.