ಇಸಿಎಸ್‌ನಲ್ಲಿ ಆಟದ ನಕ್ಷೆ: ಟೈಲ್‌ಗೊಂದು ಎಂಟಿಟಿಯೋ, ಇಡೀ ನಕ್ಷೆಗೆ ಒಂದೇ ಎಂಟಿಟಿಯೋ?

ಎರಡೂ ಬೇಡ ಎಂಬುದು ನನ್ನ ಉತ್ತರ. ಇಸಿಎಸ್ (ಎಂಟಿಟಿ-ಕಾಂಪೊನೆಂಟ್-ಸಿಸ್ಟಮ್) ಎಂದರೆ ಆಟದ ಪ್ರತಿ ವಸ್ತುವನ್ನು ಎಂಟಿಟಿ ಎಂಬ ಗುರುತಾಗಿ, ಅದರ ದತ್ತಾಂಶವನ್ನು ಕಾಂಪೊನೆಂಟ್‌ಗಳಾಗಿ, ಆ ದತ್ತಾಂಶದ ಮೇಲೆ ಓಡುವ ಕೋಡನ್ನು ಸಿಸ್ಟಮ್‌ಗಳಾಗಿ ಬೇರ್ಪಡಿಸುವ ವಿಧಾನ; ಟೈಲ್ ಎಂದರೆ ನಕ್ಷೆಯ ಒಂದು ಚೌಕ. ಟೈಲ್‌ಗೊಂದು ಎಂಟಿಟಿ ಎಂಬ ದಾರಿಯಲ್ಲಿ ನಾನು ಬಹಳ ದೂರ ಹೋಗಿ ಹಿಂದಿರುಗಿದ್ದೇನೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ; ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯುತ್ತದೆ. ಆ ಕೆರೆಸಾಲನ್ನು ನೀರುಗಂಟಿಯಾಗಿ, ಅಂದರೆ ತೂಬು ತೆರೆದು ಮುಚ್ಚಿ ನೀರು ಬಿಡುವವನಾಗಿ, ನಿಭಾಯಿಸುವ ಆಟವೊಂದನ್ನು ಕಟ್ಟುತ್ತಿದ್ದೆ. ನಕ್ಷೆ 512 × 512, ಅಂದರೆ 2,62,144 ಟೈಲುಗಳು. ಇಸಿಎಸ್ ಎಂದ ಮೇಲೆ ಎಲ್ಲವೂ ಎಂಟಿಟಿಯೇ ಆಗಬೇಕೆಂದು ನಂಬಿ, ಪ್ರತಿ ಟೈಲಿಗೂ ಸ್ಥಾನ, ಎತ್ತರ, ನೀರಿನ ಮಟ್ಟ ಎಂಬ ಕಾಂಪೊನೆಂಟ್‌ಗಳನ್ನು ಕೊಟ್ಟೆ.

ನೀರು ಹರಿಯಬೇಕಾದರೆ ಪ್ರತಿ ಟೈಲೂ ತನ್ನ ನಾಲ್ಕು ನೆರೆಯ ಟೈಲುಗಳನ್ನು ನೋಡಬೇಕು. ಇಸಿಎಸ್‌ನಲ್ಲಿ ಎಂಟಿಟಿಗಳನ್ನು ಆರಿಸಿ ತರುವ ಕ್ವೆರಿಯು ‘ಈ ಕಾಂಪೊನೆಂಟ್ ಉಳ್ಳವರೆಲ್ಲ ಬನ್ನಿ’ ಎಂದು ಕರೆಯಬಲ್ಲದೇ ಹೊರತು ‘ನನ್ನ ಎಡಕ್ಕಿರುವುದು ಯಾರು’ ಎಂಬುದಕ್ಕೆ ಉತ್ತರಿಸಲಾರದು. ಅದಕ್ಕಾಗಿ, ಸ್ಥಾನ ಕೊಟ್ಟರೆ ಅಲ್ಲಿನ ಎಂಟಿಟಿಯನ್ನು ಹುಡುಕಿಕೊಡುವ ಹ್ಯಾಶ್ ಮ್ಯಾಪ್ ಸೇರಿಸಿದೆ. ನೀರಿನ ಲೆಕ್ಕದ ಪ್ರತಿ ಹೆಜ್ಜೆಗೆ ಹತ್ತು ಲಕ್ಷಕ್ಕೂ ಹೆಚ್ಚು ಹುಡುಕಾಟವಾಯಿತು. ಅದನ್ನಾದರೂ ಸಹಿಸಬಹುದಿತ್ತು. ನಿಜವಾಗಿ ಕೆಡಿಸಿದ್ದು ಬೇರೆ: ಒಣ ಟೈಲುಗಳನ್ನು ಲೆಕ್ಕದಿಂದ ಬಿಡಲೆಂದು, ನೀರು ತಲುಪಿದ ಟೈಲಿಗೆ ‘ಒದ್ದೆ’ ಎಂಬ ಖಾಲಿ ಕಾಂಪೊನೆಂಟ್ ಅಂಟಿಸಿ, ಒಣಗಿದಾಗ ಕೀಳುತ್ತಿದ್ದೆ. ಆರ್ಕಿಟೈಪ್ ಆಧಾರಿತ ಇಸಿಎಸ್‌ನಲ್ಲಿ ಒಂದೇ ಬಗೆಯ ಕಾಂಪೊನೆಂಟ್‌ಗಳುಳ್ಳ ಎಂಟಿಟಿಗಳು ಒಂದು ಕೋಷ್ಟಕದಲ್ಲಿರುತ್ತವೆ. ಹೊಸದೊಂದನ್ನು ಸೇರಿಸಿದೊಡನೆ ಆ ಎಂಟಿಟಿಯ ಇಡೀ ಸಾಲು ಬೇರೆ ಕೋಷ್ಟಕಕ್ಕೆ ಹೋಗುತ್ತದೆ, ತೆರವಾದ ಜಾಗಕ್ಕೆ ಕೊನೆಯ ಸಾಲು ಬಂದು ಕೂರುತ್ತದೆ. ಮಳೆ ಸುರಿಯುವಾಗ ಸಾವಿರಾರು ಟೈಲುಗಳು ಹೀಗೆ ಸ್ಥಳಾಂತರಗೊಂಡು, ನಕ್ಷೆಯಲ್ಲಿ ಅಕ್ಕಪಕ್ಕ ಇದ್ದವು ಮೆಮೊರಿಯಲ್ಲಿ ಚದುರಿದವು. ಪ್ರೊಸೆಸರ್ ಒಮ್ಮೆಗೆ ತರುವ 64 ಬೈಟ್‌ಗಳಲ್ಲಿ ಬೇಕಾದ ನೆರೆಯ ಟೈಲ್ ಸಿಗುವುದೇ ಅಪರೂಪವಾಯಿತು. ಆಟಗಾರ ಕಾದು ಕೂತಿದ್ದ ಗಳಿಗೆಯಲ್ಲೇ, ಕೆರೆ ಕೋಡಿ ಬೀಳುವಾಗಲೇ, ಆಟ ತಡವರಿಸುತ್ತಿತ್ತು.

ನೆಲವೆಂಬುದು ಸ್ಥಳ ಹೇಳಿ ಕೇಳಬೇಕಾದ ದತ್ತಾಂಶ. ಅದಕ್ಕೆ ಅರೇ, ಅಂದರೆ ಮೆಮೊರಿಯಲ್ಲಿ ಒಂದರ ಪಕ್ಕ ಒಂದಾಗಿ ಜೋಡಿಸಿದ ಮೌಲ್ಯಗಳ ಸಾಲು, ಸಾಕು. ಎತ್ತರಕ್ಕೊಂದು, ನೀರಿಗೊಂದು, ಟೈಲಿಗೆ 2 ಬೈಟ್‌ನಂತೆ ತಲಾ 512 ಕಿಲೋಬೈಟ್. ಸಾಲಿನ ಸಂಖ್ಯೆಯನ್ನು ಅಗಲದಿಂದ ಗುಣಿಸಿ ಕಂಬಸಾಲಿನ ಸಂಖ್ಯೆ ಕೂಡಿದರೆ ಸೂಚ್ಯಂಕ. ಅದಕ್ಕೆ 1 ಅಥವಾ 512 ಕೂಡಿ ಕಳೆದರೆ ನೆರೆಯ ಟೈಲುಗಳು. ಎಡ ಅಂಚಿನಲ್ಲಿ 1 ಕಳೆದರೆ ಹಿಂದಿನ ಸಾಲಿನ ಬಲತುದಿಗೆ ಹೋಗುತ್ತೀರಿ, ಆದ್ದರಿಂದ ಸುತ್ತಲೂ ಒಂದು ಟೈಲ್ ಅಗಲದ ಎತ್ತರದ ಅಂಚು ಇಡಿ. ನೀರಿಗೆ ಇನ್ನೊಂದು ಅರೇ ಇಟ್ಟು, ಒಂದರಿಂದ ಓದಿ ಮತ್ತೊಂದಕ್ಕೆ ಬರೆಯಿರಿ. ಇಲ್ಲವಾದರೆ ಲೂಪ್ ಓಡುವ ದಿಕ್ಕಿಗೇ ನೀರೆಲ್ಲ ಒಂದೇ ಹೆಜ್ಜೆಯಲ್ಲಿ ಓಡಿಬಿಡುತ್ತದೆ.

ಈ ಅರೇಗಳನ್ನು ಇಸಿಎಸ್ ಆಧಾರಿತ ಆಟದ ಎಂಜಿನ್ ಆದ ಬೆವಿಯಲ್ಲಾದರೆ ರಿಸೋರ್ಸ್ ಆಗಿ, ಅಂದರೆ ಇಡೀ ಆಟಕ್ಕೆ ಒಂದೇ ಇರುವ ದತ್ತಾಂಶವಾಗಿ, ಇಡಬಹುದು. ಇರುವ ಒಂದೇ ನಕ್ಷೆಯನ್ನು ಎಂಟಿಟಿ ಮಾಡಿ ಕ್ವೆರಿಯಿಂದ ಹುಡುಕುವುದರಲ್ಲಿ ಲಾಭ ಕಾಣೆ. ಪ್ರಪಂಚ ತೀರ ದೊಡ್ಡದಾಗಿ, 32 × 32 ಟೈಲುಗಳ ತುಂಡುಗಳನ್ನು ಬೇಕೆಂದಾಗ ತಂದು ಬೇಡವೆಂದಾಗ ಇಳಿಸುವುದಾದರೆ ಮಾತ್ರ ಪ್ರತಿ ತುಂಡೂ ಎಂಟಿಟಿಯಾಗಲಿ.

ಎಂಟಿಟಿಯ ಗೌರವ ತೂಬಿಗೆ, ನೀರುಗಂಟಿಗೆ ಸಲ್ಲಲಿ. ನನ್ನ ಆಟದಲ್ಲೀಗ ತೂಬಿನ ಎಂಟಿಟಿ ತಾನಿರುವ ಟೈಲಿನ ಸೂಚ್ಯಂಕವನ್ನೂ ತೆರೆದಿದೆಯೇ ಮುಚ್ಚಿದೆಯೇ ಎಂಬುದನ್ನೂ ಮಾತ್ರ ಹೊತ್ತಿದೆ. ತೆರೆದಾಗ ಒಂದು ಸಿಸ್ಟಮ್ ಆ ಟೈಲಿನ ಎತ್ತರವನ್ನು ಅರೇಯಲ್ಲಿ ತಗ್ಗಿಸುತ್ತದೆ, ಮುಂದಿನದನ್ನು ನೀರು ಹರಿಸುವ ಸಿಸ್ಟಮ್ ನೋಡಿಕೊಳ್ಳುತ್ತದೆ.