ಜ್ವರ ಇವತ್ತಿನದು, ಪ್ರಶ್ನೆ ಹದಿನೈದು ದಿನದ ಹಿಂದಿನದು

ಪ್ರಶ್ನೆ: ನಮ್ಮ ಅವ್ವನಿಗೆ 76 ವರ್ಷ. ವೈರಲ್ ಜ್ವರ, ಕೆಮ್ಮು ಜೋರಾಗಿ ಬಳ್ಳಾರಿಯಲ್ಲಿ ಆಸ್ಪತ್ರೆಗೆ ಸೇರಿಸಿದ್ದೇವೆ. ಈಗ ಎದ್ದು ಕೂರಲೂ ಆಗುತ್ತಿಲ್ಲ. ಡಾಕ್ಟರು ಮಾತ್ರ ‘ಹದಿನೈದು ದಿನದ ಹಿಂದೆ ತಾವೇ ಸ್ನಾನ ಮಾಡುತ್ತಿದ್ದರಾ, ಬಸ್ ಹತ್ತುತ್ತಿದ್ದರಾ’ ಎಂದು ಕೇಳಿ, ಕೇಸ್ ಶೀಟಿನಲ್ಲಿ ‘ಫ್ರೇಲ್ಟಿ 4’ ಎಂದು ಬರೆದರು. ಏನಿದು?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಡಾಕ್ಟರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಫ್ರೇಲ್ಟಿ ಎಂದರೆ ವಯಸ್ಸಾದವರ ನಿತ್ರಾಣ. ಅವರು ಬರೆದದ್ದು ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್‌ನ ಅಂಕಿ. 1ರಿಂದ 9ರವರೆಗಿನ ಈ ಅಳತೆಯಲ್ಲಿ ಅಂಕಿ ಏರಿದಷ್ಟೂ ನಿತ್ರಾಣ ಹೆಚ್ಚು. 4 ಎಂದರೆ ದಿನದ ಕೆಲಸಕ್ಕೆ ಯಾರ ಆಸರೆಯೂ ಬೇಡ, ಆದರೆ ನಡಿಗೆ ನಿಧಾನ, ಬೇಗ ದಣಿವು. ರೊಕ್ಕದ ಲೆಕ್ಕ, ಮಾತ್ರೆ, ಬಸ್ ಪ್ರಯಾಣಕ್ಕೆ ನೆರವು ಬೇಕಾದರೆ 5. ಮನೆಗೆಲಸಕ್ಕೂ ಸ್ನಾನಕ್ಕೂ ಜೊತೆಗೊಬ್ಬರು ಬೇಕಾದರೆ 6. ಸ್ನಾನ, ಬಟ್ಟೆ ತೊಡುವುದು ಮುಂತಾದ ಸ್ವಂತದ ಕೆಲಸವನ್ನೆಲ್ಲ ಬೇರೆಯವರೇ ಮಾಡಿಸಬೇಕಾದರೆ 7.

ಜ್ವರದಲ್ಲಿ ಮಲಗಿದವರನ್ನು ನೋಡಿ ಅಂಕಿ ಹಾಕಿದರೆ ಗಟ್ಟಿಮುಟ್ಟಾದವರೂ 7 ಆಗಿಬಿಡುತ್ತಾರೆ. ಹೆಚ್ಚು ತಪ್ಪಾಗುವುದು ಇಲ್ಲಿಯೇ. ಅದಕ್ಕೇ ಕಾಯಿಲೆಗೆ ಎರಡು ವಾರ ಮುಂಚಿನ ಸ್ಥಿತಿ ಬೇಕು. ಅದನ್ನು ಹೇಳಬಲ್ಲವರು ಮನೆಯವರು. ಕೂಡು ಕುಟುಂಬದಲ್ಲಿ ‘ಅವ್ವನಿಗೆ ನಾವು ಕೆಲಸವನ್ನೇ ಹಚ್ಚುವುದಿಲ್ಲ’ ಎಂದು ಅಭಿಮಾನದಿಂದ ಹೇಳಿಬಿಡುತ್ತಾರೆ, ಅಂಕಿ ಸುಮ್ಮನೆ ಏರುತ್ತದೆ. ಸೊಸೆ ಬಂದಳೆಂದು ರೊಟ್ಟಿ ಬಡಿಯುವುದನ್ನು ಬಿಟ್ಟರೋ, ಕಸುವು ಸಾಲದೆ ಬಿಟ್ಟರೋ? ಎರಡನೆಯದಷ್ಟೇ ಲೆಕ್ಕಕ್ಕೆ. 65ಕ್ಕಿಂತ ಕಡಿಮೆ ವಯಸ್ಸಿನವರಿಗೂ, ಪೋಲಿಯೊದಂಥ ಹಳೆಯ ಅಂಗವೈಕಲ್ಯ ಇರುವವರಿಗೂ ಈ ಅಳತೆ ಹೊಂದುವುದಿಲ್ಲ.

ಚಿಕಿತ್ಸೆ ನಿಲ್ಲಿಸಲು ಇದೊಂದೇ ಅಂಕಿ ಆಧಾರವಾಗಬಾರದು. ಐಸಿಯು ಬೇಕಾದೀತೇ, ಫಿಸಿಯೋಥೆರಪಿ ಎಷ್ಟು ಬೇಗ, ಮನೆಗೆ ಹೋದಮೇಲೆ ಆಸರೆ ಎಷ್ಟು ಎಂಬ ಮಾತುಕತೆಗೆ ಇದು ನೆರವಾಗುತ್ತದೆ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ವಯಸ್ಸಾದವರಲ್ಲಿ ಸೋಂಕಿಗೆ ಜ್ವರವೇ ಏರದೆ ಬರೀ ಗೊಂದಲ ಕಾಣಿಸಬಹುದು. ‘ಶನಿವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳವ್ವ’ ಎನ್ನಿ. ಮುಂಚೆ ಹೇಳಬಲ್ಲವರು ಈಗ ತಡವರಿಸಿದರೆ, ಅಥವಾ ಎಂದಿಲ್ಲದಂತೆ ಮಂಕಾಗಿ ತೂಕಡಿಸುತ್ತಿದ್ದರೆ, ಆಗಲೇ ನರ್ಸಿಗೆ ತಿಳಿಸಿ. ಗಲಾಟೆ ಮಾಡುವವರ ಗೊಂದಲ ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಮ್ಮನೆ ಮಲಗಿದವರದು ‘ನಿದ್ದೆ ಮಾಡಲಿ ಬಿಡಿ’ ಎನ್ನುವುದರಲ್ಲಿ ಕಳೆದುಹೋಗುತ್ತದೆ.

ಹಾಸಿಗೆಯಲ್ಲೇ ಇದ್ದರೆ ಕಾಲಿನ ಮಾಂಸಖಂಡ ದಿನದಿನಕ್ಕೂ ಕರಗುತ್ತದೆ. ಡಾಕ್ಟರು ಒಪ್ಪಿದ ಕೂಡಲೇ ಊಟಕ್ಕೆ ಕುರ್ಚಿಯಲ್ಲಿ ಕೂರಿಸಿ. ಕನ್ನಡಕ, ಹಲ್ಲಿನ ಸೆಟ್ ಮನೆಯಿಂದ ತನ್ನಿ. ಮೂತ್ರದ ನಳಿಕೆ ಹಾಕಿದ್ದರೆ ‘ಇನ್ನೂ ಬೇಕೇ’ ಎಂದು ದಿನವೂ ಕೇಳಿ. ನಿದ್ದೆ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಕಿಡ್ನಿ ತೊಂದರೆ ಇಲ್ಲದಿದ್ದರೆ ತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೋಟೀನ್ ಬೇಕು; 50 ಕೆಜಿ ಇದ್ದರೆ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ ಮಾತ್ರ. ಹಾಗಾಗಿ ಬರೀ ಗಂಜಿ ಸಾಲದು. ಹಾಲಿನಲ್ಲಿ ನೆನೆಸಿದ ರೊಟ್ಟಿ, ಗಟ್ಟಿ ಬೇಳೆ, ಮೊಸರು ಸ್ವಲ್ಪಸ್ವಲ್ಪವಾಗಿ ಐದಾರು ಸಲ ಕೊಡಿ.