ಅನ್‌ನೋನ್ ಕಲ್ಚರ್‌ನ ಗ್ರಾಂ ಸ್ಟೇನ್‌ನಲ್ಲಿ ನೇರಳೆ, ಗುಲಾಬಿ ಎರಡೂ ಬಣ್ಣ ಬಂದಿವೆ. ಏನಂತ ಬರೆಯಲಿ?

ನೀವು ಬರೆದದ್ದನ್ನೆಲ್ಲ ಮೊದಲು ಒಂದು ಕಡೆ ಕೂಡಿಸಿ ಇಡ್ತೀನಿ. ಕಲಬುರಗಿಯಲ್ಲಿ ಬಿ.ಎಸ್ಸಿ. ಕೊನೇ ವರ್ಷ, ಪ್ರಾಕ್ಟಿಕಲ್ ಪರೀಕ್ಷೆಗೆ ಹತ್ತು ದಿನ. ಹೆಸರು ಹೇಳದೆ ಗುರುತಿಸೋಕೆ ಕೊಟ್ಟ ಅನ್‌ನೋನ್‌ನ ಸ್ಲೈಡ್ ಮೇಲೆ ಕಡ್ಡಿಯಾಕಾರದ ಬ್ಯಾಕ್ಟೀರಿಯಾ, ಅರ್ಧ ನೇರಳೆ (ಗ್ರಾಂ ಪಾಸಿಟಿವ್‌ನ ಬಣ್ಣ), ಅರ್ಧ ಗುಲಾಬಿ (ಗ್ರಾಂ ನೆಗೆಟಿವ್‌ನದು). ಕ್ಯಾಟಲೇಸ್ (ಹೈಡ್ರೋಜನ್ ಪೆರಾಕ್ಸೈಡ್ ಹನಿಗೆ ಗುಳ್ಳೆ ಬರುತ್ತಾ ಅನ್ನೋ ಟೆಸ್ಟ್) ಪಾಸಿಟಿವ್. ಆಕ್ಸಿಡೇಸ್ (ರಿಯೇಜೆಂಟ್ ಬಣ್ಣ ತಿರುಗುತ್ತಾ ಅನ್ನೋ ಟೆಸ್ಟ್) ಒಂದು ನಿಮಿಷದ ನಂತರ ನೀಲಿ. ಮೆಕಾಂಕಿ (ಗ್ರಾಂ ನೆಗೆಟಿವ್‌ಗಳನ್ನ ಬೆಳೆಸೋ ಅಗಾರ್) ಪ್ಲೇಟ್ ಖಾಲಿ. ಬ್ಯಾಕ್ಟೀರಿಯಾ ಜೆಲಾಟಿನ್ ಕರಗಿಸುತ್ತಾ ಅಂತ ನೋಡೋಕೆ ಬೆಂಚ್ ಮೇಲಿಟ್ಟ ಟ್ಯೂಬ್ ನೀರಾಗಿದೆ. ಗೆಳತಿ "ಸ್ಯೂಡೊಮೊನಾಸ್ ಅಂತ ಬರಿ" ಅಂದಿದ್ದಾಳೆ.

ಬರೀಬೇಡ್ರಿ. ಸ್ಯೂಡೊಮೊನಾಸ್ ಆಗಿದ್ರೆ ಮೆಕಾಂಕಿ ಮೇಲೆ ಬಣ್ಣವಿಲ್ಲದ ಕಾಲೊನಿ ಧಾರಾಳವಾಗಿ ಬರ್ತಿದ್ದವು, ಆಕ್ಸಿಡೇಸ್ ಹತ್ತು ಸೆಕೆಂಡಿನೊಳಗೆ ಕಡುನೇರಳೆ ಆಗ್ತಿತ್ತು. ಒಂದು ನಿಮಿಷ ಕಾದು ಬಂದ ನೀಲಿಯನ್ನ ಪಾಸಿಟಿವ್ ಅಂತ ಓದೋ ಹಾಗಿಲ್ಲ. ಆ ರಿಯೇಜೆಂಟ್ ಗಾಳಿಗೆ ತಾನೇ ನೀಲಿಗಟ್ಟುತ್ತೆ. ನೈಕ್ರೋಮ್ ಲೂಪ್‌ನಿಂದ ಹಚ್ಚಿದ್ರೆ ಆ ತಂತಿಯೇ ಸುಳ್ಳು ಪಾಸಿಟಿವ್ ಕೊಡಬಹುದು. ಮುಂದಿನ ಸಲ ಮರದ ಕಡ್ಡಿಯಿಂದ ಹಚ್ರಿ.

ನಾನು ಇದೇ ಊರಿನ ಒಂದು ಲ್ಯಾಬ್‌ನಲ್ಲಿ ಬಹಳ ವರ್ಷಗಳಿಂದ ಪ್ರಾಕ್ಟಿಕಲ್ ಮಾಡಿಸ್ತೀನಿ. ಹುಡುಗರು ತಪ್ಪೋದು ಟೆಸ್ಟ್ ಮಾಡೋ ರೀತಿಯಲ್ಲಿ ಕಡಿಮೆ. ಎರಡನೇ ದಿನಕ್ಕೇ ಮನಸ್ಸಲ್ಲಿ ಒಂದು ಹೆಸರು ಕೂತುಬಿಡುತ್ತೆ, ಆಮೇಲಿನ ಫಲಿತಾಂಶವೆಲ್ಲ ಆ ಹೆಸರಿಗೆ ಹೊಂದೋ ಹಾಗೆ ಕಾಣಿಸತೊಡಗುತ್ತೆ. ಅಲ್ಲೇ ಹೆಚ್ಚು ತಪ್ಪೋದು. ನಾನು ವಿದ್ಯಾರ್ಥಿಯಾಗಿದ್ದಾಗ ಇದನ್ನೇ ಮಾಡಿದ್ದೆ. ಏಪ್ರಿಲ್ ತಿಂಗಳು, ನನ್ನ ಅನ್‌ನೋನ್ ಗ್ರಾಂ ನೆಗೆಟಿವ್ ಕಡ್ಡಿ, ಚಲನೆ ಉಂಟು, ಇಂಡೋಲ್ ಇಲ್ಲ, ವಿಪಿ (ವೋಗೆಸ್-ಪ್ರೊಸ್ಕಾರ್) ಮತ್ತು ಸಿಟ್ರೇಟ್ ಟೆಸ್ಟ್ ಪಾಸಿಟಿವ್. ಜೆಲಾಟಿನ್ ನೋಡಿದೆ, ನೀರು. ಜೆಲಾಟಿನ್ ಕರಗಿಸೋ ಸೆರೇಷಿಯಾ ಅಂತ ತೀರ್ಮಾನಿಸಿಬಿಟ್ಟೆ. ಸೆರೇಷಿಯಾದ ಕೆಂಪು ಬಣ್ಣ ಕಾಣಲಿಲ್ಲ, 37 ಡಿಗ್ರಿಯಲ್ಲಿ ಅದು ಸರಿಯಾಗಿ ಬರೋದಿಲ್ಲ ಅಂತ ಓದಿದ್ದೆ, ಅದನ್ನೇ ಸಮಾಧಾನ ಮಾಡಿಕೊಂಡೆ. ಮೆಕಾಂಕಿ ಮೇಲೆ ಕಾಲೊನಿಗಳು ಎದ್ದು ಕಾಣೋ ಗುಲಾಬಿ ಇದ್ದವು, ಅಂದ್ರೆ ಲ್ಯಾಕ್ಟೋಸ್ ಹುದುಗಿಸ್ತಿದ್ದವು. ಸೆರೇಷಿಯಾ ಮಾರ್ಸೆಸೆನ್ಸ್ ಸಾಮಾನ್ಯವಾಗಿ ಅದನ್ನ ಮಾಡೋದಿಲ್ಲ. ಅದನ್ನೂ ದಾಟಿಬಿಟ್ಟೆ. ರೆಕಾರ್ಡ್ ಬರೀತಾ ಕೂತಾಗ ಲ್ಯಾಬ್ ಅಟೆಂಡರ್ ಕಾಕಾ ನನ್ನ ಟ್ಯೂಬ್ ಎತ್ತಿ ನೋಡಿ, "ತಮ್ಮಾ, ಇದು ಬಿಸಿಲಿಗಿ ಕರಗ್ಯದ. ಫ್ರಿಜ್‌ನ್ಯಾಗ ಇಟ್ಟು ನೋಡೀಯೇನು?" ಅಂದರು. ಅರ್ಧ ಗಂಟೆ ಇಟ್ಟೆ. ಟ್ಯೂಬ್ ಬೋರಲು ಹಾಕಿದ್ರೂ ಜಾರದ ಹಾಗೆ ಗಟ್ಟಿಯಾಗಿತ್ತು. ನನ್ನ ಬ್ಯಾಕ್ಟೀರಿಯಾ ಎಂಟೆರೊಬ್ಯಾಕ್ಟರ್ ಏರೊಜೀನಸ್ ಆಗಿತ್ತು.

(ಅದರ ಹೆಸರು 2017ರಲ್ಲಿ ಕ್ಲೆಬ್ಸಿಯೆಲ್ಲಾ ಏರೊಜೀನಸ್ ಅಂತ ಬದಲಾಗಿದೆ. ಲ್ಯಾಬ್ ಗೋಡೆ ಮೇಲಿನ ಹಳೇ ಚಾರ್ಟ್‌ಗಳಲ್ಲಿ ಮೊದಲಿನದೇ ಇರುತ್ತೆ, 2014ರಲ್ಲಿ ಊರು ಕಲಬುರಗಿ ಆದ್ರೂ ವಿಶ್ವವಿದ್ಯಾಲಯ ಗುಲ್ಬರ್ಗ ಅಂತಲೇ ಉಳಿದ ಹಾಗೆ. ವೈವಾದಲ್ಲಿ ಎರಡೂ ಹೆಸರು ಹೇಳ್ರಿ.)

ಜೆಲಾಟಿನ್ ಸುಮಾರು 28 ಡಿಗ್ರಿ ದಾಟಿದ್ರೆ ತಾನಾಗೇ ಕರಗುತ್ತೆ. ಪ್ರಾಕ್ಟಿಕಲ್ ಕೈಪಿಡಿಗಳಲ್ಲಿ "ಕೋಣೆಯ ಉಷ್ಣತೆ" ಅಂತ ಬರೆದಿದ್ರೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಅಂತ ಅರ್ಥ. ಹೊರಗೆ 42, 43 ಇರೋವಾಗ ನಮ್ಮ ಕೋಣೆಯ ಉಷ್ಣತೆ ಅದಲ್ಲ. ಹಾಗಾಗಿ ಬ್ಯಾಕ್ಟೀರಿಯಾ ಹಾಕದ ಒಂದು ಜೆಲಾಟಿನ್ ಟ್ಯೂಬನ್ನ ನಿಮ್ಮ ಟ್ಯೂಬಿನ ಪಕ್ಕದಲ್ಲೇ ಇಟ್ಟು, ಎರಡನ್ನೂ ಒಟ್ಟಿಗೆ ಫ್ರಿಜ್‌ನಲ್ಲಿ ತಣಿಸಿ ನೋಡಬೇಕು. ಬ್ಯಾಕ್ಟೀರಿಯಾ ಹಾಕದ ಟ್ಯೂಬ್ ಗಟ್ಟಿಯಾಗಿ ನಿಮ್ಮದು ನೀರಾಗಿಯೇ ಉಳಿದ್ರೆ ಮಾತ್ರ ಪಾಸಿಟಿವ್. ಬಿಸಿಲು ಬೇರೆ ಕಡೆಯೂ ಕೈ ಹಾಕುತ್ತೆ. ಕ್ರಿಸ್ಟಲ್ ವಯೊಲೆಟ್ ಸ್ಲೈಡ್ ಮೇಲೇ ಒಣಗಿದ್ರೆ ಸಣ್ಣ ಹರಳುಗಳು ಉಳಿದು ದುಂಡು ಬ್ಯಾಕ್ಟೀರಿಯಾದ ಹಾಗೆ ಕಾಣ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ಬೆಳಕಲ್ಲಿ, ಸೆಕೆಯಲ್ಲಿ ಇದ್ರೆ ಶಕ್ತಿ ಕಳಕೊಳ್ಳುತ್ತೆ. ಅದಕ್ಕೇ ಕ್ಯಾಟಲೇಸ್ ಮಾಡೋ ದಿನ ಒಂದು ಹನಿಯನ್ನ ಸ್ಟ್ಯಾಫಿಲೊಕಾಕಸ್ ಮೇಲೂ ಹಾಕಿ ಗುಳ್ಳೆ ಬರುತ್ತಾ ನೋಡ್ರಿ.

ಈಗ ನಿಮ್ಮ ಸ್ಲೈಡ್. ಎರಡು ಬಣ್ಣಕ್ಕೆ ಮೂರು ಕಾರಣ ಇರಬಹುದು: ಎರಡು ಬ್ಯಾಕ್ಟೀರಿಯಾ ಬೆರೆತಿವೆ, ಕಲ್ಚರ್ ಹಳೇದಾಗಿದೆ, ಇಲ್ಲಾ ಸ್ಮಿಯರ್ (ಸ್ಲೈಡ್ ಮೇಲೆ ಸವರಿದ ಪದರ) ದಪ್ಪವಾಗಿ, ಬಣ್ಣ ತೆಗೆಯೋ ಆಲ್ಕೊಹಾಲ್ ಸಮನಾಗಿ ಇಳಿದಿಲ್ಲ. ಲ್ಯಾಬ್‌ಗಳಲ್ಲಿ ಬೆರೆಸಿ ಕೊಡೋ ಎರಡು ಕಡ್ಡಿಗಳಂದ್ರೆ ಹೆಚ್ಚಾಗಿ ಇ. ಕೋಲಿ ಮತ್ತು ಬ್ಯಾಸಿಲಸ್. ಇ. ಕೋಲಿ ಇದ್ದಿದ್ರೆ ಮೆಕಾಂಕಿ ಖಾಲಿ ಇರ್ತಿರಲಿಲ್ಲ. ಆ ಮೀಡಿಯಾದ ಪಿತ್ತಲವಣ ಮತ್ತು ಕ್ರಿಸ್ಟಲ್ ವಯೊಲೆಟ್ ಗ್ರಾಂ ಪಾಸಿಟಿವ್‌ಗಳನ್ನ ತಡೆಯುತ್ತೆ, ಇ. ಕೋಲಿಯನ್ನಲ್ಲ. ನೀವು ಪಟ್ಟಿಯ ಕೊನೇಲಿ "ಏನೂ ಬರಲಿಲ್ಲ" ಅಂತ ಸಣ್ಣದಾಗಿ ಬರೆದ ಆ ಖಾಲಿ ಪ್ಲೇಟೇ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳ್ತಿದೆ. ಗ್ರಾಂ ಪಾಸಿಟಿವ್ ಕಡ್ಡಿಗಳು, ಅದರಲ್ಲೂ ಬ್ಯಾಸಿಲಸ್, 24 ಗಂಟೆ ದಾಟಿದ ಕಲ್ಚರ್‌ನಲ್ಲಿ ನೇರಳೆ ಹಿಡಿದಿಡೋ ಶಕ್ತಿ ಕಳಕೊಂಡು ಗುಲಾಬಿಯಾಗಿ ಕಾಣೋದು ಸಾಮಾನ್ಯ. ಇದು ನನ್ನ ಅನುಮಾನ ಅಷ್ಟೇ, ಉತ್ತರ ನಿಮ್ಮ ಕೈಯಿಂದಲೇ ಬರಲಿ.

ಮೊದಲು ನ್ಯೂಟ್ರಿಯೆಂಟ್ ಅಗಾರ್ ಮೇಲೆ ನಾಲ್ಕು ಭಾಗ ಮಾಡಿ ಸ್ಟ್ರೀಕ್ ಮಾಡ್ರಿ, ಪ್ರತಿ ಭಾಗಕ್ಕೂ ಲೂಪ್ ಕೆಂಪಗೆ ಕಾಯಿಸಿ ತಣಿಸಿ. ಎರಡು ಬಗೆಯ ಕಾಲೊನಿ ಬಂದ್ರೆ ಮೇಲಿನ ನನ್ನ ಲೆಕ್ಕ ಬಿಟ್ಟು ಎರಡನ್ನೂ ಬೇರೆ ಮಾಡಿ ಮತ್ತೆ ಶುರು ಮಾಡಬೇಕು. ಒಂದೇ ಬಗೆ ಬಂದ್ರೆ ಒಂಟಿ ಕಾಲೊನಿ ಒಂದರಿಂದ ಸ್ಲ್ಯಾಂಟ್ (ಓರೆಯಾಗಿ ಗಟ್ಟಿಯಾದ ಅಗಾರ್ ಟ್ಯೂಬ್) ಮಾಡಿಕೊಂಡು, 18 ಗಂಟೆಯೊಳಗೆ ಗ್ರಾಂ ಸ್ಟೇನ್. ಒಂದೇ ಸ್ಲೈಡ್ ಮೇಲೆ ಮೂರು ಸ್ಮಿಯರ್ ಹಾಕ್ರಿ: ಎಡಕ್ಕೆ ಸ್ಟ್ಯಾಫಿಲೊಕಾಕಸ್, ಬಲಕ್ಕೆ ಇ. ಕೋಲಿ, ನಡುವೆ ನಿಮ್ಮದು. ಎಡ ನೇರಳೆ, ಬಲ ಗುಲಾಬಿ ಬಂದ್ರೆ ಮಾತ್ರ ನಡುವಿನದನ್ನ ನಂಬಬೇಕು. ಹ್ಯಾನ್ಸ್ ಕ್ರಿಸ್ಚಿಯನ್ ಗ್ರಾಂ 1884ರಲ್ಲಿ ಈ ವಿಧಾನ ಪ್ರಕಟಿಸಿದ ಕಾಲದಿಂದ ಇವತ್ತಿನವರೆಗೂ ಇದು ಕೆಡೋದು ಬಣ್ಣ ತೆಗೆಯೋ ಹಂತದಲ್ಲೇ. ಆಲ್ಕೊಹಾಲ್ ಹೊತ್ತು ಹೆಚ್ಚಾದ್ರೆ ಎಡದ ಸ್ಮಿಯರ್ ಗುಲಾಬಿ ತಿರುಗಿ ನಿಮಗೆ ಹೇಳಿಬಿಡುತ್ತೆ.

ಇನ್ನೊಂದು ಸಾಕ್ಷಿ ಬೇಕಂದ್ರೆ 3 ಪ್ರತಿಶತ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಒಂದು ಹನಿಯಲ್ಲಿ ಕಾಲೊನಿ ಕಲಸಿ ಲೂಪ್ ಎತ್ರಿ. ಗ್ರಾಂ ನೆಗೆಟಿವ್ ಆದ್ರೆ ಕೋಶ ಒಡೆದು ಡಿಎನ್‌ಎ ಹೊರಬಂದು ಬೆಲ್ಲದ ಪಾಕದ ಹಾಗೆ ಎಳೆ ಬರುತ್ತೆ. ಪಾಸಿಟಿವ್‌ಗೆ ಬರೋದಿಲ್ಲ.

ಗ್ರಾಂ ಪಾಸಿಟಿವ್ ಅಂತ ಗಟ್ಟಿಯಾದ್ಮೇಲೆ ಎಂಡೋಸ್ಪೋರ್ (ಕೋಶದೊಳಗೆ ಹುಟ್ಟೋ ಗಟ್ಟಿ ಬೀಜಕ) ಸ್ಟೇನ್: ಮಲಕೈಟ್ ಗ್ರೀನ್ ಹಾಕಿ ಐದು ನಿಮಿಷ ಆವಿಯ ಮೇಲೆ, ಒಣಗದ ಹಾಗೆ ಬಣ್ಣ ಸುರೀತಾ, ನೀರಿಂದ ತೊಳೆದು ಸ್ಯಾಫ್ರನಿನ್. ಇದಕ್ಕೆ ಮಾತ್ರ ಎರಡು ಮೂರು ದಿನ ಹಳೇ ಕಲ್ಚರ್ ಬೇಕು, ಹೊಸದರಲ್ಲಿ ಸ್ಪೋರ್ ಇರೋದಿಲ್ಲ. ಕೆಂಪು ಕಡ್ಡಿಯೊಳಗೆ ಹಸಿರು ಕಾಳು ಕಂಡರೆ, ಗಾಳಿಯಲ್ಲಿ ಬೆಳೆದಿದೆ ಮತ್ತು ಕ್ಯಾಟಲೇಸ್ ಪಾಸಿಟಿವ್ ಇದೆ ಅನ್ನೋದನ್ನ ಸೇರಿಸಿ ಬ್ಯಾಸಿಲಸ್ ಅಂತ ಬರೀಬಹುದು. ಯಾವ ಪ್ರಭೇದ ಅಂತ ಹಿಡಿಯೋಕೆ ಮ್ಯಾನಿಟಾಲ್ ಮತ್ತು ವಿಪಿ ಮಾಡ್ರಿ. ಬ್ಯಾಸಿಲಸ್ ಸಬ್‌ಟಿಲಿಸ್ ಎರಡಕ್ಕೂ ಪಾಸಿಟಿವ್. ಬ್ಯಾಸಿಲಸ್ ಸೀರಿಯಸ್ (cereus) ವಿಪಿ ಪಾಸಿಟಿವ್ ಆದ್ರೂ ಮ್ಯಾನಿಟಾಲ್‌ನಿಂದ ಆಮ್ಲ ಮಾಡೋದಿಲ್ಲ, ಮೊಟ್ಟೆಯ ಹಳದಿ ಅಗಾರ್ ಮೇಲೆ ಸುತ್ತಲೂ ಬೆಳ್ಳಗೆ ಮಬ್ಬು ಕಟ್ಟುತ್ತೆ. ಬ್ಯಾಸಿಲಸ್ ಮೆಗಟೇರಿಯಂ (2020ರಿಂದ ಪ್ರೀಸ್ಟಿಯಾ ಮೆಗಟೇರಿಯಂ) ಕೋಶ ದಪ್ಪ, ವಿಪಿ ನೆಗೆಟಿವ್. ವಿಪಿಯಲ್ಲಿ ಮೊದಲು ಆಲ್ಫಾ ನಾಫ್ಥಾಲ್, ಆಮೇಲೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಚೆನ್ನಾಗಿ ಕುಲುಕಬೇಕು. ಇಂಡೋಲ್, ಎಂಆರ್ (ಮೀಥೈಲ್ ರೆಡ್), ಸಿಟ್ರೇಟ್ ಸೇರಿದ ಇಮ್ವಿಕ್ ಸರಣಿ ಪೂರ್ತಿ ಮಾಡ್ತಾ ಕೂರಬೇಡ್ರಿ. ಅದು ಕರುಳಿನ ಗ್ರಾಂ ನೆಗೆಟಿವ್‌ಗಳನ್ನ ಬೇರ್ಪಡಿಸೋಕೆ ಹುಟ್ಟಿದ್ದು.

ಹೆಸರನ್ನ ಕೊನೇ ಟೆಸ್ಟ್ ಮುಗಿಯೋತನಕ ರೆಕಾರ್ಡ್‌ನಲ್ಲಿ ಬರೀಬೇಡ್ರಿ, ಪೆನ್ಸಿಲ್‌ನಲ್ಲೂ ಬೇಡ. ಹೊಂದದ ಫಲಿತಾಂಶ ಬಂದ್ರೆ ಅದನ್ನ ಅಳಿಸದೆ, ಯಾಕೆ ಹೊಂದಲಿಲ್ಲ ಅಂತ ಪಕ್ಕದಲ್ಲಿ ಬರೀರಿ. ಪರೀಕ್ಷಕನಾಗಿ ಕೂತಾಗ ನಾನು ಅಂಥ ಸಾಲುಗಳಿಗೆ ಮನಸಾರೆ ಅಂಕ ಕೊಟ್ಟಿದ್ದೀನಿ, ಹೆಸರು ತಪ್ಪಿದ್ದಾಗಲೂ.

ಆ ಜೆಲಾಟಿನ್ ಟ್ಯೂಬ್ ಇನ್ನೂ ಎಸೆದಿಲ್ಲ ಅಂದ್ರೆ ನಾಳೆ ಲ್ಯಾಬ್ ತೆಗೆದ ಕೂಡಲೇ ಬ್ಯಾಕ್ಟೀರಿಯಾ ಹಾಕದ ಜೆಲಾಟಿನ್ ಟ್ಯೂಬ್ ಜೊತೆ ಫ್ರಿಜ್‌ನಲ್ಲಿ ಇಡ್ರಿ. ಅರ್ಧ ಗಂಟೆ ಬಿಟ್ಟು ಏನಾಯ್ತು ಅಂತ ಇಲ್ಲಿ ಬರೀರಿ, ಮುಂದಿನದನ್ನ ಅಲ್ಲಿಂದ ನೋಡೋಣ.